ಮೂರನೆಯ ಚೆಂಡು ದಂತದ್ದಲ್ಲ

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಗುಂಡಕ್ಕ ಅನ್ನುತ್ತಾರೆ. ಹೆಸರು ಕೇಳಿಕೊಂಡು ಬಂದವರು ಆಳನ್ನು ನೋಡಿ ಪೆಚ್ಚಾಗುತ್ತಾರೆ, ಯಾಕೆಂದರೆ ಅವಳು ಒಣ ಕಡ್ಡಿ. ಗುಂಡು ಇದ್ದದ್ದು ಮೈಯಲ್ಲಲ್ಲ, ಕಸುಬಿನಲ್ಲಿ. ಹದಿನಾರನೆಯ ವಯಸ್ಸಿನಿಂದ ಐವತ್ತರ ತನಕ ಅಜ್ಜನ ಲೇತ್ ಅಂಗಡಿಯಲ್ಲಿ ಅವಳು ಚೆಂಡು ಕಡೆದಳು, ತಿಕ್ಕಿದಳು, ಹೊಳಪು ಕೊಟ್ಟಳು. ಕ್ಲಬ್ಬುಗಳ ಬಿಲಿಯರ್ಡ್ಸ್ ಚೆಂಡು ಒಂದು ಮಗ್ಗುಲು ಸವೆದರೂ ಬಣ್ಣ ಮಾಸಿದರೂ ಬರುತ್ತಿದ್ದದ್ದು ನಮ್ಮ ಅಂಗಡಿಗೇ.

ಅಂಗಡಿ ಅಂದರೆ ಎರಡು ಪುಟ್ಟ ಕೋಣೆ. ಮುಂದಿನದರಲ್ಲಿ ಲೇತ್, ಹಿಂದಿನದರಲ್ಲಿ ಹೊಳಪು ಕೊಡುವ ಬೆಂಚು, ನೆಲದ ಮೇಲೆ ಸದಾ ಹಿಟ್ಟಿನಂಥ ಬಿಳಿ ಪುಡಿ. ಬಂದ ಚೆಂಡು ಯಾವುದರಿಂದ ಮಾಡಿದ್ದು ಅಂತ ಗೊತ್ತುಮಾಡಿಕೊಳ್ಳದೆ ಅದನ್ನು ಲೇತಿಗೆ ಏರಿಸಕೂಡದು ಎನ್ನುವುದು ಅಜ್ಜನ ಕಟ್ಟಪ್ಪಣೆ. ಅದಕ್ಕೆ ಕಾರಣವಿತ್ತು. ಚಿಕ್ಕವನಿದ್ದಾಗ ಒಂದು ಚೆಂಡನ್ನು ಆನೆದಂತವೆಂದುಕೊಂಡು ಕಡೆಯಲು ಹೋಗಿದ್ದ. ಅದು ಸೆಲ್ಯುಲಾಯ್ಡ್, ದಂತದಂತೆಯೇ ಕಾಣುವ ಹಳೇ ಕಾಲದ ಪ್ಲಾಸ್ಟಿಕ್. ಉಳಿಯ ಬಿಸಿಗೆ ಭಗ್ಗನೆ ಹೊತ್ತಿಕೊಂಡು ಅವನ ಎರಡು ಹುಬ್ಬನ್ನೂ, ಎಡಗೈಯ ಎರಡು ಬೆರಳ ತುದಿಯನ್ನೂ ಸುಟ್ಟಿತು. ಹುಬ್ಬು ಮತ್ತೆ ಬಂತು, ಬೆರಳು ನೆಟ್ಟಗಾಗಲಿಲ್ಲ.

ಹೀಗಾಗಿ ದೊಡ್ಡಮ್ಮನಿಗೆ ಮೊದಲ ಎರಡು ವರ್ಷ ಉಳಿಯನ್ನೇ ಮುಟ್ಟಿಸಲಿಲ್ಲ. ಬರೀ ಗುರುತು ಹಿಡಿಯುವ ಕೆಲಸ. ಕಣ್ಣು ಮುಚ್ಚಿಸಿ ಕೈಗೊಂದು ಚೆಂಡು ಕೊಡುವುದು, ಇಲ್ಲವೇ ಒಂದು ಗೋಲಿ. "ಇದೇನು ಹೇಳು." ಅವಳು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಉಗುರಿನಿಂದ ತಟ್ಟುತ್ತಿದ್ದಳು, ಅಂಗೈಯಲ್ಲಿ ಉಜ್ಜಿ ಮೂಸುತ್ತಿದ್ದಳು. ತಪ್ಪು ಹೇಳಿದರೆ ಅಜ್ಜ ಬೈಯುತ್ತಿರಲಿಲ್ಲ, ಮತ್ತೆ ಅದನ್ನೇ ಕೈಗಿಡುತ್ತಿದ್ದ. ಬೈದಿದ್ದರೇ ವಾಸಿಯಿತ್ತು ಅನ್ನುತ್ತಾಳೆ ಅವಳು.

ಕಾರ್ಖಾನೆಯ ಚೆಂಡುಗಳು ಅಗ್ಗವಾದವು. ಸವೆದದ್ದನ್ನು ಎಸೆದು ಹೊಸದು ತರುವುದೇ ಸುಲಭವಾಯಿತು. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಐವತ್ತರಲ್ಲಿ ದೊಡ್ಡಮ್ಮ ಊರಿನ ಮ್ಯೂಸಿಯಮ್ಮಿನಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷ ಅಲ್ಲಿನ ಗಾಜಿನ ಪೆಟ್ಟಿಗೆಗಳ ಧೂಳು ಹೊಡೆದಳು. ಅವಳು ಹಿಂದೆ ಏನು ಮಾಡುತ್ತಿದ್ದಳೆಂದು ಅಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹನ್ನೆರಡನೆಯ ವರ್ಷ, ಬಾಗಿಲು ಹಾಕಿದ ಒಂದು ಹಳೆಯ ಕ್ಲಬ್ಬಿನವರು ತಮ್ಮ ಆಟದ ಸಾಮಾನೆಲ್ಲವನ್ನೂ ಮ್ಯೂಸಿಯಮ್ಮಿಗೆ ಕೊಟ್ಟರು. ಬಿಲಿಯರ್ಡ್ಸ್ ಚೆಂಡು, ನೆಲದ ಮೇಲೆ ಉರುಳಿಸುವ ಮರದ ಚೆಂಡು, ಡಬ್ಬಿಗಟ್ಟಲೆ ಗೋಲಿ. ಅವುಗಳ ಪಟ್ಟಿ ಮಾಡಲು ದೂರದಿಂದ ಒಬ್ಬ ತಜ್ಞರನ್ನು ಕರೆಸಿದರು. ಆಮೇಲಿನದನ್ನು ನಾನು ದೊಡ್ಡಮ್ಮನ ಬಾಯಿಂದಲೂ ಕೇಳಿದ್ದೇನೆ, ಮ್ಯೂಸಿಯಮ್ಮಿನ ಅಧಿಕಾರಿಯ ಬಾಯಿಂದಲೂ ಕೇಳಿದ್ದೇನೆ. ಎರಡೂ ತಾಳೆಯಾಗುತ್ತವೆ. ಅಧಿಕಾರಿ ಹೇಳುವಾಗ ಮಾತ್ರ ಅವರು ಮೊದಲಿನಿಂದಲೂ ದೊಡ್ಡಮ್ಮನ ಪರವಾಗಿಯೇ ಇರುತ್ತಾರೆ.

ಮೇಜಿನ ಮೇಲೆ ಮೂರು ಬಿಲಿಯರ್ಡ್ಸ್ ಚೆಂಡುಗಳಿದ್ದವು. ಮೂರೂ ಒಂದೇ ಗಾತ್ರ, ಹಳೆಯ ಬೆಣ್ಣೆಯ ಬಣ್ಣ. ಕ್ಲಬ್ಬಿನ ಕಾಗದದಲ್ಲಿ "ಆನೆದಂತ, ಮೂರು" ಎಂದು ಬರೆದಿತ್ತು. ಎರಡನ್ನು ಭೂತಗನ್ನಡಿಯಲ್ಲಿ ನೋಡಿ ಪಕ್ಕಕ್ಕಿಟ್ಟ ತಜ್ಞರು ಮೂರನೆಯದರ ಮುಂದೆ ತಡೆದರು. ಮೇಲೆ ಕೊಳೆ ಕಟ್ಟಿ ಗೆರೆ ಕಾಣುತ್ತಿರಲಿಲ್ಲ.

"ಒಂದು ಸೂಜಿ ಕಾಯಿಸಿ ಕೊಡಿ. ದಂತವಾದರೆ ಇಳಿಯೋದಿಲ್ಲ, ನೋಡೇಬಿಡೋಣ" ಅಂದರು.

ಸೂಜಿ ಬಂತು, ಮೇಣದಬತ್ತಿಯೂ ಬಂತು. ಮೂಲೆಯಲ್ಲಿ ಗಾಜು ಒರೆಸುತ್ತಿದ್ದ ದೊಡ್ಡಮ್ಮ ಬಟ್ಟೆ ಕೆಳಗೆ ಹಾಕಿ ಬಂದಳು.

"ಬೇಡ ಸಾರ್. ಬೆಂಕಿ ದೂರ ಇಡಿ. ಅದು ಹೊತ್ಕೊಳ್ಳುತ್ತೆ."

ಅಧಿಕಾರಿ ಕಣ್ಣು ಕೆಂಪಗೆ ಮಾಡಿದರು. ತಜ್ಞರು ಕನ್ನಡಕ ಇಳಿಸಿ, "ನಿಮಗೆ ಹೇಗೆ ಗೊತ್ತಮ್ಮ?" ಎಂದು ಕೇಳಿದರು.

"ಬೆಳಗ್ಗೆ ಪೆಟ್ಟಿಗೆ ಒರೆಸುವಾಗ ಮುಟ್ಟಿದ್ದೆ. ಅವೆರಡೂ ತಣ್ಣಗಿವೆ. ಇದು ಕೈಗೆ ಬಂದ ಕೂಡಲೇ ಬೆಚ್ಚಗಾಗ್ಬಿಡ್ತು."

"ಅಷ್ಟಕ್ಕೇ?"

ದೊಡ್ಡಮ್ಮ ಚೆಂಡನ್ನು ತೆಗೆದುಕೊಂಡು ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿ, ಅವರ ಮೂಗಿನ ಹತ್ತಿರ ಹಿಡಿದಳು. ತಜ್ಞರು ಮೂಸಿದರು. ಮತ್ತೊಮ್ಮೆ ಮೂಸಿದರು.

"ಕರ್ಪೂರ!"

"ಹೌದು ಸಾರ್. ಸೆಲ್ಯುಲಾಯ್ಡ್ ಮಾಡುವಾಗ ಅದನ್ನೇ ಹಾಕೋದು."

ಚೆಂಡು ಸುತ್ತಿದ್ದ ಹತ್ತಿಯಲ್ಲಿ ಉಗುರಿನಷ್ಟು ಚಕ್ಕೆ ಉದುರಿ ಬಿದ್ದಿತ್ತು. ಅದನ್ನು ಹೊರಗೆ ಅಂಗಳದ ಕಲ್ಲಿನ ಮೇಲಿಟ್ಟು, ಉದ್ದನೆಯ ಕಡ್ಡಿಯ ತುದಿಯಿಂದ ಕಿಡಿ ಮುಟ್ಟಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ಜ್ವಾಲೆ ಎದ್ದು ಚಕ್ಕೆ ಇಲ್ಲವಾಯಿತು. ತಜ್ಞರು ತಮ್ಮ ಕೈಯಲ್ಲಿದ್ದ ಸೂಜಿಯನ್ನೂ ಆ ಕಲ್ಲನ್ನೂ ಒಂದಾದಮೇಲೊಂದು ನೋಡಿದರು. ಆ ಮೇಲೆ ಸೂಜಿಯನ್ನು ಜೇಬಿಗೆ ಹಾಕಿಕೊಂಡು, "ಅಮ್ಮಾ, ಒಳಗೆ ಬನ್ನಿ, ಕೂತ್ಕೊಳ್ಳಿ" ಅಂದರು. ಆ ಮೇಜಿನ ಮುಂದೆ ಅವಳು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಇಡೀ ಮಧ್ಯಾಹ್ನ ಡಬ್ಬಿಗಳು ಬಿಚ್ಚಿಕೊಂಡವು. ತಜ್ಞರು ಒಂದೊಂದೇ ಕೊಟ್ಟರು, ಇವಳು ಒಂದೊಂದೇ ಹೇಳಿದಳು. ದಂತದ ಚೆಂಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಜರಡಿಯ ಬಲೆಯಂತೆ ಹೆಣೆದುಕೊಂಡ ಸಣ್ಣ ಗೆರೆಗಳನ್ನು ತೋರಿಸಿದಳು. ದಂತವೆಂದು ಬರೆದಿದ್ದ ಒಂದು ಪುಟ್ಟ ಗುಂಡಿನಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳಿದ್ದವು. "ಇದು ಮೂಳೆ ಸಾರ್. ರಕ್ತ ಹರಿದಾಡಿದ ದಾರಿ ಇವು." ಒಂದು ಕಂದು ಗೋಲಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು, ಅದು ಅಂಟಿಕೊಂಡಿತು. ಸುಟ್ಟ ಮಣ್ಣು. ಅಗೇಟ್ ಕಲ್ಲಿನ ಗೋಲಿಯನ್ನು ಕಿಟಕಿಯ ಬಿಸಿಲಿನಲ್ಲಿ ಮೆಲ್ಲಗೆ ಉರುಳಿಸಿದಾಗ, ಕೈಯಿಂದ ಅರೆದವನ ಸಣ್ಣಸಣ್ಣ ಚಪ್ಪಟೆ ಗುರುತುಗಳು ಮಿಂಚಿ ಮಾಯವಾದವು. ಅದನ್ನು ನೋಡಲು ಅಧಿಕಾರಿಯೂ ಮೇಜಿನ ಮೇಲೆ ಗಲ್ಲ ಊರಿದರು. ಮರದ ದೊಡ್ಡ ಚೆಂಡನ್ನು ಅವಳು ತಟ್ಟಿ ನೋಡಿ, "ನೀರಲ್ಲಿ ಮುಳುಗೋ ಮರ ಇದು, ಬೇಕಾದ್ರೆ ಒಂದು ಬಕೆಟ್ ತರ್ಸಿ" ಅಂದಳು. ತಜ್ಞರು ನಕ್ಕು, "ಬೇಡ, ನಿಮ್ಮನ್ನ ನಂಬ್ತೀನಿ" ಅಂದರು.

ಕೊನೆಯಲ್ಲಿ ಒಂದು ಬೂದುಬಣ್ಣದ ಗುಂಡು ಸಿಕ್ಕಿತು. ಅವಳು ತಟ್ಟಿದಳು, ಮೂಸಿದಳು, ಕೆನ್ನೆಗೆ ಒತ್ತಿದಳು, ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಳು.

"ಇದು ನಂಗೆ ಗೊತ್ತಿಲ್ಲ ಸಾರ್."

"ಅಂದಾಜು?"

"ಅಂದಾಜು ಹೇಳ್ಬಾರ್ದು. ನಾಳೆ ಯಾರಾದ್ರೂ ಅದನ್ನೇ ನಿಜ ಅಂದ್ಕೊಂಡು ಲೇತಿಗೆ ಏರಿಸ್ತಾರೆ."

ಅಷ್ಟೂ ಚೆಂಡುಗಳಿಗಿಂತ ಈ ಮಾತೇ ತಮಗೆ ಹೆಚ್ಚು ಬೆಲೆಯದೆನಿಸಿತು ಎಂದು ತಜ್ಞರು ಆಮೇಲೆ ಅಧಿಕಾರಿಗೆ ಹೇಳಿದರಂತೆ.

ಸೆಲ್ಯುಲಾಯ್ಡ್ ಚೆಂಡನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ತಂಪು ಕಪಾಟಿಗೆ ಸಾಗಿಸಿದರು. ಪಟ್ಟಿ ಹೊಸದಾಗಿ ಬರೆದರು. ಮುಖಪುಟದಲ್ಲಿ ತಜ್ಞರ ಹೆಸರಿನ ಮೇಲುಗಡೆ, "ವಸ್ತುಗಳನ್ನು ಗುರುತಿಸಿದವರು" ಎಂದು ದೊಡ್ಡಮ್ಮನ ಪೂರ್ತಿ ಹೆಸರು ಅಚ್ಚಾಯಿತು. ಅದನ್ನು ಮನೆಗೆ ತಂದ ದಿನ ನನ್ನ ಅಮ್ಮ ಪಕ್ಕದ ಮನೆಯವರಿಗೆ, ಎದುರು ಮನೆಯವರಿಗೆ, ಸೈಕಲ್ ರಿಪೇರಿಯವನಿಗೆ, ಕಡೆಗೆ ಅಂಚೆಯವನಿಗೂ ಓದಿ ಹೇಳಿದಳು. ದೊಡ್ಡಮ್ಮ ಒಳಗೆ ಕೂತು, "ಸಾಕು ಮಾಡೇ, ನಾಚಿಕೆ ಆಗುತ್ತೆ" ಅನ್ನುತ್ತಿದ್ದಳು. ಆದರೆ ಬಾಗಿಲು ಮುಚ್ಚು ಅನ್ನಲಿಲ್ಲ.

ಆ ವರ್ಷವೇ ಅವಳ ಕೈಯಿಂದ ಪೊರಕೆ ತೆಗೆದು ಭೂತಗನ್ನಡಿ ಕೊಟ್ಟರು. ಬೇರೆ ಬೇರೆ ಮ್ಯೂಸಿಯಮ್ಮುಗಳಿಂದ ಓದಿದ ಹುಡುಗಿಯರು ಅವಳ ಹತ್ತಿರ ಕಲಿಯಲು ಬರತೊಡಗಿದರು. ಅವರಿಗೂ ಅವಳು ಮೊದಲು ಕಣ್ಣು ಮುಚ್ಚಿಸುತ್ತಾಳೆ. ತಪ್ಪಿದರೆ ಬೈಯುವುದಿಲ್ಲ.

ಈಗ ಅವಳಿಗೆ ಎಪ್ಪತ್ತೊಂದು. ಕಳೆದ ವಾರ ಒಬ್ಬ ಹೆಂಗಸು ಬಟ್ಟೆಯ ಚೀಲದಲ್ಲಿ ಹನ್ನೆರಡು ಗೋಲಿ ತಂದಿದ್ದಳು. ಎಲ್ಲ ಅಗೇಟ್ ಎಂದು ಅವಳ ತಂದೆ ಹೇಳಿ ಹೋಗಿದ್ದರಂತೆ. ದೊಡ್ಡಮ್ಮ ಒಂದನ್ನು ಬೆಳಕಿಗೆ ಹಿಡಿದು, ಒಳಗಿನ ಗಾಳಿಗುಳ್ಳೆ ತೋರಿಸಿದಳು.

"ಗಾಜು ಕಣಮ್ಮ."

ಹೆಂಗಸಿನ ಮುಖ ಸಣ್ಣದಾಯಿತು.

"ತಾಳು, ಇಲ್ನೋಡು" ಎಂದು ದೊಡ್ಡಮ್ಮ ಅವಳ ಬೆರಳು ಹಿಡಿದು ಗೋಲಿಯ ತಳದಲ್ಲಿದ್ದ ಒರಟು ತರಿಯ ಮೇಲೆ ಓಡಿಸಿದಳು. "ಗಾಜಿನ ಕಡ್ಡಿಯಿಂದ ಇದನ್ನ ಇಲ್ಲಿ ಕತ್ತರಿಸಿ ಬಿಡಿಸಿದಾರೆ. ಯಂತ್ರದ್ದಲ್ಲ, ಒಬ್ಬ ಮನುಷ್ಯ ಕುಲುಮೆ ಮುಂದೆ ನಿಂತು ಒಂದೊಂದೇ ಮಾಡಿದ್ದು. ಕೈ ಎಷ್ಟು ಚೆನ್ನಾಗಿ ಪಳಗಿತ್ತು ನೋಡು."

ಹೆಂಗಸು ಮತ್ತೊಂದು ಗೋಲಿ ತೆಗೆದು, ತಾನೇ ಆ ತರಿಯನ್ನು ಹುಡುಕತೊಡಗಿದಳು.