ಹಾಕದೆ ಉಳಿದ ಹೊಸ ಡಾಸ್

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರು ಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೀಚರಾಗಿದ್ದೆ. ಮಾಳಿಗೆಯ ಮೇಲೆ ಎರಡು ಕೋಣೆ. ದೊಡ್ಡದರಲ್ಲಿ ಟೈಪ್‌ರೈಟರುಗಳ ಗದ್ದಲ, ಚಿಕ್ಕದರಲ್ಲಿ ಒಂದೇ ಒಂದು ಕಂಪ್ಯೂಟರು. ಧೂಳು ಬಿದ್ದರೆ ಕೆಡುತ್ತದೆ ಎಂದು ಮಾರಿದವರು ಹೆದರಿಸಿದ್ದರಿಂದ ಆ ಕೋಣೆಯನ್ನು ನಾವು ದೇವರ ಕೋಣೆಯನ್ನಾಗಿ ಮಾಡಿಬಿಟ್ಟಿದ್ದೆವು. ಚಪ್ಪಲಿ ಕಳಚದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ.

ನನ್ನ ಜತೆಗೆ ಇನ್ನೊಬ್ಬಳು ಟೀಚರ್ ಇದ್ದಳು, ಬೆಟ್ಟಂಪಾಡಿಯ ತುಳು ಮನೆಯವಳು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಕಂಪ್ಯೂಟರು ನನಗಿಂತ ಅವಳ ಮಾತನ್ನೇ ಹೆಚ್ಚು ಕೇಳುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ಪರದೆಯಲ್ಲಿ ಒಂದು ಸಾಲು ಮೂಡುವ ಹಾಗೆ ಅವಳು ಮಾಡಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: "ಬಂದಿರಾ? ಚಪ್ಪಲಿ ಹೊರಗೆ ಇಟ್ಟು ಒಳಗೆ ಬನ್ನಿ." ಕಲಿಯಲು ಬಂದವರು ಅದನ್ನು ಓದಿ ನಗುತ್ತಿದ್ದರು. ನನಗೆ ಮಾತ್ರ ಹೊಟ್ಟೆಕಿಚ್ಚು.

ಯಂತ್ರವನ್ನು ನಡೆಸುವ ಡಾಸ್ ಹಳೆಯದಾಯಿತು, ಹೊಸದನ್ನು ಹಾಕಬೇಕು ಎಂದು ಇನ್‌ಸ್ಟಿಟ್ಯೂಟಿನ ಯಜಮಾನರಿಗೆ ಯಾರೋ ಹೇಳಿದರು. ಅದರ ಫ್ಲಾಪಿಗಳನ್ನು ಮಂಗಳೂರಿನಿಂದ ತರಬೇಕಿತ್ತು. ಹೋಗಬೇಕಾದವಳು ನಾನು. ಬಸ್ಸಿನಲ್ಲಿ ವಾಂತಿ ಬರುತ್ತದೆ ಎಂದು ಸುಳ್ಳು ಹೇಳಿ ಅವಳನ್ನು ಕಳಿಸಿದೆ. ಒಂದು ದಿನವಾದರೂ ಯಂತ್ರ ನನ್ನೊಬ್ಬಳದೇ ಆಗಿರಲಿ ಎಂಬ ಆಸೆ, ಬೇರೇನೂ ಅಲ್ಲ. ವಾಪಸು ಬರುವಾಗ ತಿರುವಿನಲ್ಲಿ ಬಸ್ಸು ಮಗುಚಿತು. ಅವಳು ಬರಲಿಲ್ಲ.

ಹತ್ತು ದಿನ ಬಿಟ್ಟು ಕೋಣೆಯ ಬೀಗ ತೆಗೆದು ಸ್ವಿಚ್ ಹಾಕಿದೆ. "ಬಂದಿರಾ?" ಎಂದು ಕೇಳಿತು. ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೆ. ಹೊರಗೆ ಓಡಿಹೋಗಿ ಕಳಚಿಟ್ಟು ಬಂದೆ.

ಆಮೇಲೆ ಒಂದು ವರ್ಷ ಹಾಗೆಯೇ ಕಳೆಯಿತು. ಯಜಮಾನರು ಒಳ್ಳೆಯವರು, ಆದರೆ ಅವಸರದ ಮನುಷ್ಯ. "ಎಂತ ಟೀಚರ್, ಇನ್ನೂ ಹಳತರಲ್ಲೇ ಕುಟ್ಟುದಾ? ಹೊಸ ಫ್ಲಾಪಿ ತರಿಸುವನಾ?" ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದರು. "ಹಳತೇ ಚಂದ ಓಡ್ತಾ ಉಂಟು, ಸುಮ್ಮನೆ ಯಾಕೆ?" ಎನ್ನುತ್ತಿದ್ದೆ. ಹೊಸದು ಹಾಕಬೇಕಾದರೆ ಒಳಗಿರುವುದನ್ನೆಲ್ಲ ಅಳಿಸಬೇಕಿತ್ತು. ಆ ಸಾಲನ್ನು ಬೇರೆ ಫ್ಲಾಪಿಗೆ ಇಳಿಸಿಟ್ಟುಕೊಳ್ಳಬಹುದು ಎಂದು ನನಗೆ ಗೊತ್ತಿತ್ತು. ಆದರೆ ಅದರ ಮೇಲೆ ಕೈ ಇಡಲು ಧೈರ್ಯವಾಗಲಿಲ್ಲ. ಅವಳನ್ನು ಒಮ್ಮೆ ಕಳಿಸಿಯಾಗಿತ್ತು. ಇನ್ನೊಮ್ಮೆ ಕಳಿಸುವುದು ನನ್ನಿಂದಾಗದು.

ಅವಳ ವರ್ಷಾಂತದ ಕ್ರಿಯೆ ಮುಗಿದ ಮರುವಾರ ಅವಳ ಅಮ್ಮ ಬಂದರು. ಬೆಳಗ್ಗೆ ಹನ್ನೊಂದು ಗಂಟೆಯ ಹೊತ್ತು. ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಸೆರಗಿನಡಿಯಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಆ ದಿನದ ಫ್ಲಾಪಿಗಳು! ಅವಳ ಚೀಲದ ಜತೆ ಮನೆಗೆ ಹೋಗಿದ್ದವು. ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದರಂತೆ, ಹೊಗೆಯ ವಾಸನೆ ಬರುತ್ತಿತ್ತು. ಬೂಸ್ಟು ಹಿಡಿದಿರಲಿಲ್ಲ.

"ನಮ್ಮಲ್ಲಿ ಸತ್ತವರನ್ನು ಒಳಗೆ ಕರಿಯುವ ಕ್ರಮ ಉಂಟಲ್ಲ ಟೀಚರೇ," ಎಂದರು. "ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರ್ದೆವು. ಒಳಗೆ ಎಲೆ ಹಾಕಿ ಬಡಿಸಿದೆವು. ಆದ್ರೂ ಕನಸಲ್ಲಿ ಅಂಗಳದಲ್ಲೇ ನಿಂತಿರ್ತಾಳೆ. ಬಾ ಅಂದ್ರೆ, ಟೀಚರ್ ಹೇಳಿದ ಸಾಮಾನು ಕೊಟ್ಟು ಆಗಲಿಲ್ಲ ಅಮ್ಮಾ, ಹೇಗೆ ಬರುದು ಅಂತಾಳೆ."

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ದಿನ ಹೋಗಬೇಕಾದವಳು ನಾನು. ವಾಂತಿ ಬರ್ತದೆ ಅಂತ ಸುಳ್ಳು ಹೇಳಿದ್ದೆ," ಎಂದೆ.

"ಗೊತ್ತುಂಟು," ಎಂದರು ಅವರು. "ಸುಳ್ಳು ಅಂತ ಅವಳಿಗೂ ಗೊತ್ತಿತ್ತು. ಟೀಚರಿಗೂ ಒಂದು ದಿವಸ ಮಿಷನಿನ ಎದುರು ಕೂರ್ಲಿಕ್ಕೆ ಆಸೆ ಇರುದಿಲ್ವಾ ಅಂತ ನಗಾಡಿಕೊಂಡೇ ಬಸ್ಸು ಹತ್ತಿದ್ಲು." ಪೊಟ್ಟಣವನ್ನು ನನ್ನ ಕಡೆ ಸರಿಸಿದರು. "ಇದನ್ನು ಹಾಕಿ. ಅವಳ ಕೆಲ್ಸ ಮುಗಿಸಿ ಕೊಡಿ."

ನಾನು ಸ್ವಿಚ್ ಹಾಕಿದೆ. ಸಾಲು ಮೂಡಿತು. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬಾರದು, ನಾನೇ ಓದಿ ಹೇಳಿದೆ. ಒಳಗೆ ಬನ್ನಿ ಎಂಬುದನ್ನು ಕೇಳಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಊರವರನ್ನೆಲ್ಲ ಒಳಗೆ ಕರೀತಾ ಇವಳು ಮಾತ್ರ ಹೊರಗೆ," ಎಂದರು. ಆಗ ನನಗೆ ನಾನು ಮಾಡಿದ್ದೇನೆಂದು ಗೊತ್ತಾಯಿತು. ಉಳಿಸಿಕೊಂಡೆ ಎಂದು ತಿಳಿದಿದ್ದೆ. ನಿಜವಾಗಿ ಅವಳನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿದ್ದೆ.

ಫ್ಲಾಪಿ ತೂರಿಸಿದೆ. ಎಲ್ಲವೂ ಅಳಿದುಹೋಗುತ್ತದೆ, ಮುಂದುವರಿಸಲೇ ಎಂದು ಯಂತ್ರ ಕೇಳಿತು. ಅಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟರು. ಹೌದು ಎಂದು ಕೀಲಿ ಒತ್ತಿದೆ. ಒಂದೊಂದೇ ಫ್ಲಾಪಿ ಬದಲಿಸುತ್ತಾ ಕೂತೆ. ಎಲ್ಲ ಮುಗಿದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಾಕಿದೆ. ಪರದೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು. ಅದು ಯಾರನ್ನೂ ಏನನ್ನೂ ಕೇಳಲಿಲ್ಲ.

"ಆಯ್ತಾ?"

"ಆಯ್ತು ಅಮ್ಮಾ."

ಅವರು ಎದ್ದು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡರು. ಮತ್ತೆ ಕೋಣೆಯ ಕಡೆ ತಿರುಗಿ, ಶಾಲೆಯಿಂದ ಮಗುವನ್ನು ಕರೆದೊಯ್ಯಲು ಬಂದವರ ಹಾಗೆ, "ಬಾ ಮಗಾ, ಕೆಲ್ಸ ಆಯ್ತಲ್ಲ, ಮನೆಗೆ ಹೋಗುವ," ಎಂದರು. ಮೆಟ್ಟಿಲು ಅಗಲವಾದದ್ದಲ್ಲ. ಆದರೂ ಅವರು ಗೋಡೆಗೆ ಒತ್ತಿಕೊಂಡು, ಇನ್ನೊಂದು ಬದಿಯಲ್ಲಿ ಒಬ್ಬರಿಗೆ ಜಾಗ ಬಿಟ್ಟು ಇಳಿದರು.

ನಾನು ಮೇಲೆ ಬಾಗಿಲಲ್ಲಿ ನಿಂತು ನೋಡಿದೆ. ಕೆಳಗೆ ರಸ್ತೆಗೆ ಮುಟ್ಟಿದಾಗ ಅಮ್ಮ ಒಮ್ಮೆ ತಿರುಗಿ ನೋಡಿದರು. ಅವಳು ನೋಡಿದಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.