ಹೊಳೆಗೆ ಹೊರಟ ಗಣಪ

ರಾಜಧಾನಿಯ ದ್ವಾರಕಾ ಬಡಾವಣೆಯ ಇಂದಿರಮ್ಮ ಯಾರಿಗೂ ಹೆದರಿದವರಲ್ಲ. ಹಾಸನದಿಂದ ಮದುವೆಯಾಗಿ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದ ವರ್ಷವೇ, ತೋರಣಕ್ಕೆ ಮಾವಿನೆಲೆ ಬೇಕೆಂದು ದೊಡ್ಡ ಸಾಹೇಬರ ಅಂಗಳದ ಮರಕ್ಕೇ ಕೈಹಾಕಿದ ಗಟ್ಟಿಗಿತ್ತಿ. ಗಂಡ ಸೋಮಶೇಖರ ರಿಟೈರಾಗಿ ಈ ಫ್ಲ್ಯಾಟಿಗೆ ಬಂದ ಮೇಲೂ ಒಂದು ಹಬ್ಬ ತಪ್ಪಿಸಲಿಲ್ಲ. ಗಂಟೆ ಬಾರಿಸುವ ಮುನ್ನ ಆಚೀಚೆ ನೋಡಬೇಕಾದೀತು ಎಂಬ ಯೋಚನೆ ಅವರ ತಲೆಗೇ ಬಂದಿರಲಿಲ್ಲ.

ಮಗಳು ಅದಿತಿ ಡಾಕ್ಟರ್ ಓದಲು ಜಾರ್ಜಿಯಾಕ್ಕೆ ಹೋಗಿದ್ದಳು. ಅಲ್ಲಿ ಬಹುಪಾಲು ಜನ ಆರ್ಥೊಡಾಕ್ಸ್ ಚರ್ಚಿನವರು. ಗುಡ್ಡ ಕಂಡಲ್ಲೆಲ್ಲ ಚರ್ಚು. ಚೌತಿಗೆ ಅವಳು ಜೇಡಿಮಣ್ಣಿನಲ್ಲಿ ಪುಟ್ಟ ಗಣಪನನ್ನು ಮಾಡಿ ರೂಮಿನಲ್ಲೇ ಪೂಜಿಸಿದಳು. ಸಂಜೆ ಬಕೆಟ್ಟಿನಲ್ಲಿ ಬಿಡುತ್ತೇನೆ ಎಂದಾಗ ಇಂದಿರಮ್ಮ ವಿಡಿಯೊ ಕಾಲಿನಲ್ಲೇ ಗದರಿದರು.

"ಬಚ್ಚಲ ಬಕೆಟ್ಟಲ್ಲಿ ದೇವರನ್ನ ಮುಳುಗಿಸ್ತಾರೇನೇ? ಊರಲ್ಲಿ ಹೊಳೆ ಇದೆ ತಾನೆ? ಹೋಗು."

"ಅಮ್ಮಾ, ಯಹಾಂ ಕೋಯಿ ಐಸಾ ನಹೀ ಕರ್ತಾ. ಇಲ್ಲಿ ಯಾರೂ ಹಾಗೆಲ್ಲ ಮಾಡಲ್ಲ, ಜನ ನೋಡ್ತಾರೆ."

"ನೋಡ್ಲಿ. ನೀನೇನು ಕದ್ದಿದೀಯಾ?"

ಹಠಕ್ಕೆ ಸೋತು ಹುಡುಗಿ ಹೊರಟಳು. ಹೊಳೆಯ ಮೆಟ್ಟಿಲ ಮೇಲೆ ಫೋನನ್ನು ಕಲ್ಲಿಗೆ ಒರಗಿಸಿ, ಆರತಿ ಬೆಳಗಿ, ಗಣಪನನ್ನು ಎತ್ತಿಕೊಂಡಳು. ಅವಳ ಹಿಂದೆಯೇ ಒಂದು ಚರ್ಚು ಇರುವುದು ಇಂದಿರಮ್ಮನಿಗೆ ಕಂಡದ್ದು ಆಗ. ಗಂಡಸೊಬ್ಬ ಕೂಗುತ್ತಾ ಇಳಿದು ಬಂದ. ಹಿಂದೆ ಇನ್ನಿಬ್ಬರು. ಒಬ್ಬ ತನ್ನ ಫೋನನ್ನು ಅದಿತಿಯ ಮುಖಕ್ಕೇ ಹಿಡಿದಿದ್ದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಅಷ್ಟರಲ್ಲಿ ಕಾಲ್ ಕಟ್ಟಾಯಿತು.

ಮತ್ತೆ ಮತ್ತೆ ಮಾಡಿದರು. ಎತ್ತಲಿಲ್ಲ. ಹೋಗು ಎಂದದ್ದು ನಾನೇ, ನನ್ನ ನಾಲಿಗೆ ಸೇದಿಹೋಗ ಎಂದು ಇಂದಿರಮ್ಮ ತಮ್ಮನ್ನೇ ಶಪಿಸಿಕೊಂಡರು. ರಾಯಭಾರ ಕಚೇರಿಯ ನಂಬರು ಹುಡುಕಲು ಹೊರಟ ಸೋಮಶೇಖರರು ತಲೆಯ ಮೇಲಿದ್ದ ಕನ್ನಡಕವನ್ನೇ ಮನೆಯೆಲ್ಲ ಹುಡುಕಿದರು.

ಕೊನೆಗೆ ಅದಿತಿಯೇ ಮಾಡಿದಳು. ಯಾವುದೋ ಅಂಗಡಿಯೊಳಗಿದ್ದಳು, ಅಂಗಡಿಯ ಅಜ್ಜಿ ಅವಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ್ದಳಂತೆ.

"ಗಣೇಶ ಮೆಟ್ಟಿಲ ಮೇಲೆ ಬಿದ್ದು ಒಡೆದುಹೋದ ಅಮ್ಮಾ. ಅವರು ಇನ್ನೂ ಹೊರಗೇ ಇದಾರೆ. ಕಾನೂನಲ್ಲಿ ಎಲ್ರಿಗೂ ಫ್ರೀಡಂ ಇದೆ ಇಲ್ಲಿ. ಪೊಲೀಸರನ್ನ ಕರೀಲಾ? ಲೇಕಿನ್ ಅವರು ಬರೋವರೆಗೂ..."

ಇಂದಿರಮ್ಮನಿಗೆ ಕಾನೂನು ಕೇಳಿಸಲೇ ಇಲ್ಲ. ಅವರು ಮಗಳ ಹಣೆಯನ್ನೇ ನೋಡುತ್ತಿದ್ದರು. ಕಾಸಗಲ ಕುಂಕುಮ. ಮಗಳು ಬರಿಹಣೆಯಲ್ಲಿ ಎದುರಿಗೆ ಬಂದರೆ ಮಾತು ಬಿಡುತ್ತಿದ್ದ ತಾಯಿ ಅವರು.

"ಕುಂಕುಮ ಒರೆಸ್ಕೋ," ಎಂದರು.

"ಕ್ಯಾ?"

"ಒರೆಸ್ಕೋ ಪುಟ್ಟಾ. ಒಂದು ಚೂರೂ ಕಾಣಬಾರದು. ಆ ಅಜ್ಜಿ ಹತ್ರ ತಲೆಗೊಂದು ಬಟ್ಟೆ ಕೇಳಿ ಕಟ್ಕೋ. ಅವರ ಮನೆ ಹುಡುಗಿ ಥರಾನೇ ಹೋಗಿಬಿಡು."

ಅದಿತಿ ತೋಳಿನಿಂದ ಹಣೆ ಉಜ್ಜಿಕೊಂಡಳು. ಹುಬ್ಬಿನ ನಡುವೆ ಇನ್ನೂ ಉಳಿದಿದೆ ಎಂದು ಇಂದಿರಮ್ಮ ಬೆರಳು ಮಾಡಿ ತೋರಿಸಿದರು.