ಲಾಲ್‌ಬಾಗಿನಲ್ಲಿ ಅಮ್ಮನನ್ನು ಕೂಗಿದ್ದು

ಮದುವೆಯೊಂದಕ್ಕೆಂದು ನಾನು, ಅಮ್ಮ ಬೆಂಗಳೂರಿಗೆ ಹೋಗಿದ್ದೆವು. ಗಡಿಯಾಚೆಯ ನಮ್ಮೂರು ನೂಲ್ಪುಳಕ್ಕೆ ಮರಳುವ ಬಸ್ಸು ರಾತ್ರಿಗಿತ್ತು. ಅಷ್ಟರೊಳಗೆ ಲಾಲ್‌ಬಾಗ್ ತೋರಿಸೋಣ ಅನ್ನುವ ಸುಡುಗಾಡು ಬುದ್ಧಿ ನನಗೇ ಬಂತು. ಹಿಂದೆ ಇದು ಸುಲ್ತಾನರ ತೋಟ, ಈಗ ಟಿಕೆಟ್ ತಗೊಂಡರೆ ಯಾರು ಬೇಕಾದರೂ ಹೋಗಬಹುದು ಎಂದೆ.

"ಯಾರು, ನಮ್ಮ ಬತ್ತೇರಿಯ ಸುಲ್ತಾನನಾ?" ಎಂದಳು ಅಮ್ಮ; ನಮ್ಮೂರ ಹತ್ತಿರದ ಆ ಪೇಟೆಗೆ ಅವನದೇ ಹೆಸರು. ಹೌದು ಅಂದದ್ದೇ ತಡ, ಗೇಟು ದಾಟಿದವಳೇ ಸ್ವಂತ ತೋಟಕ್ಕೆ ಬಂದವಳ ಹಾಗೆ ತಪಾಸಣೆ ಶುರು ಮಾಡಿದಳು. "ಇಷ್ಟು ಮರ ಇಟ್ಕೊಂಡು ಒಂದಕ್ಕೂ ಮೆಣಸಿನ ಬಳ್ಳಿ ಹಬ್ಸಿಲ್ಲವಲ್ಲ! ಎಂಥ ಸುಲ್ತಾನ ಮೋಳೇ ಇವನು?" ಮಗಳನ್ನು ‘ಮೋಳೇ’ ಎಂದು ಕರೆಯುವ ನಮ್ಮ ಕಡೆ ಬಳ್ಳಿಯಿಲ್ಲದ ಮರ ಕಂಡರೆ ಯಜಮಾನ ಸೋಮಾರಿ ಎಂದೇ ಲೆಕ್ಕ.

ಗಾಜಿನಮನೆಯ ಮುಂದೆ ನಾನೊಂದು ಸೆಲ್ಫಿ ತೆಗೆದು ತಿರುಗುತ್ತೇನೆ, ಅಮ್ಮ ಇಲ್ಲ! ಅವಳ ಫೋನು ಅವಳ ಚೀಲದಲ್ಲಿತ್ತು, ಚೀಲ ನನ್ನ ಹೆಗಲಲ್ಲಿತ್ತು. ಆ ಊರಲ್ಲಿ ಅವಳಿಗೆ ದಾರಿ ಗೊತ್ತಿಲ್ಲ, ಉಳಿದುಕೊಂಡಿದ್ದ ಮನೆಯ ವಿಳಾಸವೂ ಗೊತ್ತಿಲ್ಲ. ಕೆರೆ ದಡ, ಬಂಡೆ, ಬಿದಿರು ಮೆಳೆ ಎಲ್ಲ ಸುತ್ತಿದೆ. ಹೊತ್ತು ಇಳಿದಿತ್ತು. ಕಾವಲುಗಾರ ಸೀಟಿ ಊದುತ್ತ ಜನರನ್ನು ಹೊರಗೆ ಅಟ್ಟುತ್ತಿದ್ದ.

ಕೊನೆಗೆ ಮಾನ ಮರ್ಯಾದೆ ಬಿಟ್ಟು, ಊರಿನ ಕಾಡುಹಾದಿಯಲ್ಲಿ ಕರೆಯುವ ಹಾಗೆ ಬಾಯಿಗೆ ಕೈ ಹಿಡಿದು "ಕೂ...ಯ್!" ಎಂದು ಕೂಗಿದೆ. ಟ್ರ್ಯಾಕ್ ಪ್ಯಾಂಟಿನ ಹಿರಿಯರೊಬ್ಬರು ಬೆಚ್ಚಿ ಬೆಂಚಿನಿಂದ ಎದ್ದರು. ಕಾವಲುಗಾರ ಓಡಿಬಂದ.

"ಏನಮ್ಮಾ, ಏನಾಯ್ತು ನಿಮ್ಗೆ?"

"ನಮ್ಮಮ್ಮ ಕಾಣ್ತಿಲ್ಲ" ಎನ್ನುವಷ್ಟರಲ್ಲಿ ಅಳು ಬಂದೇಬಿಟ್ಟಿತು. ಬಿಕ್ಕುತ್ತಲೇ ಇನ್ನೊಂದು ಕೂಗು ಹಾಕಿದೆ. ಅದು ಅರ್ಧದಲ್ಲೇ ಒಡೆಯಿತು.

"ಓ..." ಎಂದು ಪಕ್ಕದ ಮರದ ಹಿಂದಿನಿಂದಲೇ ಉತ್ತರ ಬಂತು. ಹೋಗಿ ನೋಡಿದರೆ, ಬೇರಿನ ಮೇಲೆ ಆರಾಮಾಗಿ ಕೂತು ಎಲೆಅಡಿಕೆ ಜಗಿಯುತ್ತಿದ್ದಾಳೆ!

"ಇಲ್ಲೇ ಇದ್ಕೊಂಡು ಮೊದಲನೇ ಕೂಗಿಗೆ ಓ ಅನ್ನೋಕೆ ಏನಾಗಿತ್ತು ನಿಂಗೆ?" ಎಂದು ರೇಗಿದೆ.

"ಮೊದಲನೇ ಕೂಗಿಗೆ ಯಾರಾದ್ರೂ ಓ ಅಂತಾರಾ? ಪಿಶಾಚಿ ಆಗಿದ್ರೆ? ಮೂರು ಸಲ ಕೂಗಿದ್ರೇನೇ ಮನುಷ್ಯರು ಅಂತ ಅಲ್ವಾ?"

ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮತ್ತೆ ಎರಡನೇದಕ್ಕೇ ಯಾಕೆ ಓ ಅಂದೆ?" ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಎದ್ದು ಬಂದು ಸೆರಗಿನಿಂದ ನನ್ನ ಮೂಗು ಒರೆಸಿದಳು.

"ನೀನು ಅಳ್ತಿದ್ದೆ ಮೋಳೇ. ಪಿಶಾಚಿ ಆದ್ರೂ ಆಗ್ಲಿ ಅಂತ ಓ ಅಂದ್ಬಿಟ್ಟೆ."